ಓಸಾಕಾದ ನಾಲ್ಕು ಸೀಸನ್

ಮುಂಜಾನೆ ಹಿತ್ತಲಿನಲ್ಲಿ ನಾನೂ ನನ್ನ ನಾದಿನಿ ಸುಗಂಧಾಳೂ ಕುಡಿಯುವ ನೀರು ಸೋಸುತ್ತಿದ್ದೆವು. ನಾನು ಕೊಡದ ಬಾಯಿಗೆ ಬಿಳಿ ಅರಿವೆ ಹಿಡಿಯಬೇಕು, ಅವಳು ಮೇಲಿನಿಂದ ಸಣ್ಣಗೆ ನೀರು ಬಿಡಬೇಕು. ಜೈನರ ಮನೆಯಲ್ಲಿ ದಿನ ಶುರುವಾಗುವುದೇ ಹೀಗೆ. ಅಷ್ಟರಲ್ಲಿ ತಲಬಾಗಿಲಲ್ಲಿ ರಾಜದೂತ್ ಮೋಟಾರ್‌ಸೈಕಲ್ಲಿನ ಸದ್ದಾಯಿತು. ಸುಗಂಧಾಳ ಕಣ್ಣು ಅತ್ತ ಹೋಯಿತು, ಬಿಂದಿಗೆ ಇತ್ತ ವಾಲಿತು. ನೀರೆಲ್ಲ ನನ್ನ ಸೀರೆಯ ಮೇಲೆ.

“ನನ್ನನ್ನ ಯಾಕ ಸೋಸಾಕತ್ತಿ ಬೇ?” ಎಂದೆ.

“ಕೈ ಜಾರಿತ್ರಿ ವೈನಿ.”

“ಆ ಗಾಡಿ ಬಂದಾಗಷ್ಟ ಜಾರತೈತಿ ನಿನ್ನ ಕೈ.”

ಗಾಡಿಯಲ್ಲಿ ಬಂದವನು ಭೂಪಾಲ, ನನ್ನ ಯಜಮಾನರ ಗೆಳೆಯ. ಚಿಕ್ಕೋಡಿಯಲ್ಲಿ ನಮ್ಮ ಹಿಂದಿನ ಓಣಿಯವನೇ. ಕೊಲ್ಲಾಪುರದ ಒಂದು ಕಾರಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಆ ದಿನ ಕೈಯಲ್ಲೊಂದು ಕಾಗದ ಹಿಡಿದು ಹಿತ್ತಲಿಗೇ ಬಂದ.

“ವೈನಿ, ಕಂಪನಿಯವರು ನನ್ನ ಜಪಾನಕ್ಕ ಕಳಸಾಕತ್ತಾರ್ರಿ. ಓಸಾಕಾ ಅಂತ ದೊಡ್ಡ ಶಹರ. ಮೂರು ತಿಂಗಳ ಟ್ರೇನಿಂಗ್. ಎಪ್ರಿಲ್, ಜುಲೈ, ಅಕ್ಟೋಬರ್, ಜನವರಿ, ಇದ್ರಾಗ ಯಾವಾಗ ಹೋಗ್ತಿ ಅಂತ ಶನಿವಾರದೊಳಗ ಬರದು ಪೋಸ್ಟಿಗೆ ಹಾಕಬೇಕ್ರಿ.”

ಹೇಳಿದ್ದು ನನಗೆ, ನೋಡಿದ್ದು ನನ್ನ ಭುಜದ ಆಚೆ. ಅಲ್ಲಿ ಸುಗಂಧಾ ಖಾಲಿ ಬಿಂದಿಗೆಯನ್ನೇ ಕೊಡಕ್ಕೆ ಬಗ್ಗಿಸುತ್ತಿದ್ದಳು.

“ನಿಮ್ಮ ನಾದಿನಿಯವರು ಭೂಗೋಲ ಕಲಸ್ತಾರಲ್ರಿ. ಅಲ್ಲಿ ಹವಾ ಯಾವಾಗ ಚೊಲೋ ಅಂತ ಕೇಳಿ ಹೋಗೋಣಂತ ಬಂದೆ.”

ಸುಗಂಧಾ ಕನ್ಯಾಶಾಲೆಯ ಮಾಸ್ತರಬಾಯಿ. ಹುಡುಗಿಯರಿಗೆ ಹೇಳಿದ ಉತ್ತರ ತಪ್ಪಾದರೆ ಅವಳಿಗೆ ನಿದ್ದೆ ಬರುವುದಿಲ್ಲ. ಕಾಲೇಜಿನ ಲೈಬ್ರರಿಯಿಂದ ದಪ್ಪ ಪುಸ್ತಕ ತಂದಳು, ಅಟ್ಲಾಸ್ ಹರಡಿದಳು. ಭೂಪಾಲ ದಿನಾ ಸಂಜೆ ಬಂದು ಪಡಸಾಲೆಯಲ್ಲಿ ಕುಳಿತ. ಅವಳು ಓಸಾಕಾ ತೋರಿಸುವಾಗ ಅವನು ಬೆರಳನ್ನು ನೋಡಿದ, ಉಂಗುರವಿಲ್ಲದ್ದನ್ನು ನೋಡಿದ, ಓಸಾಕಾ ಮಾತ್ರ ನೋಡಲಿಲ್ಲ.

“ಎಲ್ಲೈತ್ರಿ?”

“ಇಲ್ಲೇ ಐತ್ರಿ. ನಿನ್ನೀನೂ ಇಲ್ಲೇ ಇತ್ತು.”

“ನನ್ನ ನೆನಪು ಸ್ವಲ್ಪ ಕಮ್ಮಿ. ನಾಳೆ ಮತ್ತ ಒಮ್ಮೆ ತೋರಸ್ರಿ.”

ಅವಳು ನಗು ಮುಚ್ಚಲು ಪುಟ ತಿರುವಿದಳು. ಮೊದಲ ದಿನ ಮಳೆ, ಎರಡನೆಯ ದಿನ ಬಿರುಗಾಳಿ, ಮೂರನೆಯ ದಿನ ಕೆಂಪಾಗುವ ಎಲೆಗಳು. ಇಬ್ಬರಿಗೂ ಋತುಗಳು ನಾಲ್ಕೇ ಇರುವುದರ ದುಃಖವಿತ್ತು.

ಕೊನೆಗೆ ಅವನು ಧೈರ್ಯ ಮಾಡಿ ಕೇಳಿದ: “ನಿಮ್ಮ ಮನಸಿನ್ಯಾಗ ಏನೈತ್ರಿ? ನಾ ಯಾವಾಗ ಹೋಗ್ಲಿ?”

ಆ ಪ್ರಶ್ನೆಯ ಒಳಗೇನಿತ್ತೆಂದು ಅಡುಗೆಮನೆಯಲ್ಲಿದ್ದ ನನಗೂ ತಿಳಿಯಿತು. ಒಲೆಯ ಮೇಲಿನ ಹಾಲಿಗೂ ತಿಳಿಯಿತೇನೋ, ಉಕ್ಕಿತು. ನನ್ನ ನಾದಿನಿ ಮಾತ್ರ ಪುಸ್ತಕ ನೋಡಿ ಹೇಳಿದಳು: “ಎಪ್ರಿಲ್. ಥಂಡಿ ಇರಂಗಿಲ್ಲ, ಶೆಕೆ ಇರಂಗಿಲ್ಲ, ಗಿಡ ತುಂಬ ಗುಲಾಬಿ ಬಣ್ಣದ ಹೂವು.”

ಭೂಪಾಲನ ಮುಖ ಬಾಡಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಎಪ್ರಿಲ್‌ಗೆ ಹೋದವನು ಬರುವುದು ಜುಲೈಗೆ. ಅಷ್ಟರಲ್ಲಿ ಚಾತುರ್ಮಾಸ್ಯ ಶುರು. ದೀಪಾವಳಿ ಕಳೆಯುವವರೆಗೆ ನಮ್ಮಲ್ಲಿ ಮದುವೆಯ ಮಾತಿಲ್ಲ. ಆದರೆ ಯುಗಾದಿ ಮುಗಿದ ಮೇಲೆ ಸುಗಂಧಾಳನ್ನು ನೋಡಲು ಅಥಣಿಯಿಂದ ವರನ ಕಡೆಯವರು ಬರುವವರಿದ್ದರು. ಹುಡುಗ ಒಪ್ಪಿದರೆ ವೈಶಾಖದಲ್ಲೇ ಅಕ್ಷತೆ ಎಂದು ಮಾವನವರು ಹೇಳಿಬಿಟ್ಟಿದ್ದರು.

“ಎಪ್ರಿಲ್ ಅಂತ ಯಾಕ ಅಂದಿ, ಹುಚ್ಚಿ?” ಎಂದೆ, ಉಕ್ಕಿದ ಹಾಲು ಒರೆಸುತ್ತ.

ಅವಳ ಕಣ್ಣು ತುಂಬಿತ್ತು. “ಅವರು ಹವಾ ಕೇಳಿದ್ರು ವೈನಿ. ನನ್ನನ್ನ ಎಲ್ಲಿ ಕೇಳಿದ್ರು?”

ಶನಿವಾರ ಭೂಪಾಲ ಕಾಗದದ ಸಮೇತ ಬಂದ. ತಿಂಗಳಿನ ಜಾಗ ಇನ್ನೂ ಖಾಲಿ. ಮಾವ ತವನಪ್ಪನವರು ಪಡಸಾಲೆಯ ಗಾದಿಯ ಮೇಲೆ ಪಂಚಾಂಗ ಬಿಚ್ಚಿ ಕುಳಿತಿದ್ದರು. ಜಪಾನಿನ ಋತು ನೋಡಲು ಅವರಿಗೆ ಅದೇ ಸಾಕು.

“ಜುಲೈ ಬ್ಯಾಡ. ಚಾತುರ್ಮಾಸ್ಯ. ಮುನಿಗಳೂ ಒಂದೇ ಊರಾಗ ಕುಂದರತಾರ, ನೀ ಸಮುದ್ರ ದಾಟತಿಯೇನು? ಅಕ್ಟೋಬರ್‌ಕ್ಕೂ ಅದ ಮುಗದಿರಂಗಿಲ್ಲ. ಅಲ್ಲಿ ಮೀನ ತಿನ್ನೂ ಸೀಸನ್ ಯಾವುದು?”

“ಬಾರಾ ಮಹಿನಾ, ವರ್ಷಪೂರ್ತಿ ತಿಂತಾರಂತ್ರಿ ಕಾಕಾ.”

“ಅರಿಹಂತಾ! ಒಬ್ಬನ ಹೋಗಿ ಏನ ಉಣ್ಣಾಂವ ನೀ? ಮೊದಲ ಒಂದು ಹೆಣ್ಣ ನೋಡಿ ಲಗ್ನಾ ಆಗು. ಅಡಗಿ ಮಾಡಾಕ ಕರಕೊಂಡ ಹೋಗು.”

“ಹೆಣ್ಣ... ನೋಡೇನ್ರಿ.”

“ಯಾರ ಪೈಕಿ?”

ಭೂಪಾಲನಿಗೆ ಕೆಮ್ಮು ಹತ್ತಿತು. ನೀರು ಕೊಡಲು ಬಂದ ಸುಗಂಧಾ ಲೋಟ ಹಿಡಿದು ನಿಂತೇ ಇದ್ದಳು. ಅವನು ಲೋಟ ನೋಡಿದ, ಅವಳನ್ನು ನೋಡಿದ, ತನ್ನ ಕಾಲ್ಬೆರಳು ನೋಡಿದ.

“ಹೇಳಾಕ ನಾಚತಿ ಅಂದ್ರ ಬಿಡು. ಎಪ್ರಿಲ್ ಅಂತ ಬರಿ, ಪೋಸ್ಟ್ ಮುಚ್ಚೂ ಹೊತ್ತಾತು,” ಎಂದರು ಮಾವನವರು.

ಭೂಪಾಲ ಪೆನ್ನಿನ ಟೊಪ್ಪಿಗೆ ತೆಗೆದ.

ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವಂತಿಲ್ಲ. ಬೇಕಾದ್ದನ್ನೆಲ್ಲ ಆರು ವರ್ಷದ ನನ್ನ ಮಗಳು ಮಂಗಲಳ ಕಿವಿಯಲ್ಲಿ ಹೇಳಬೇಕು, ಅವಳು ಹೋಗಿ ಅಜ್ಜನಿಗೆ ಮುಟ್ಟಿಸಬೇಕು. ನಾನು ಅವಳನ್ನು ಹತ್ತಿರ ಎಳೆದುಕೊಂಡು ನಾಜೂಕಾಗಿ ಶುರು ಮಾಡಿದೆ: “ಅಜ್ಜಾಗ ಹೇಳು, ವೈಶಾಖದಾಗ ಮುಹೂರ್ತ ಚೊಲೋ ಅದಾವಂತ, ಗುರತಿನ ಮನಿ ಇದ್ರ ಚೊಲೋ ಅಂತ, ಅಥಣಿ ಏನ ಹತ್ರ ಅಲ್ಲಂತ...”

“ಅವ್ವಾ, ಇಷ್ಟೆಲ್ಲಾ ನೆನಪ ಉಳಿಯಂಗಿಲ್ಲ.”

“ಹಂಗಾದ್ರ ಮೊದಲಿಂದ ಹೇಳತೀನಿ, ಕೇಳು.”

ಮಗು ಕೇಳಲಿಲ್ಲ. ನನ್ನ ಕೈ ಬಿಡಿಸಿಕೊಂಡು ಪಡಸಾಲೆಯ ನಡುವೆ ಹೋಗಿ ನಿಂತಿತು. ಪೆನ್ನು ಹಿಡಿದ ಭೂಪಾಲ ಕಾಕಾನನ್ನು ನೋಡಿತು, ಲೋಟ ಹಿಡಿದ ಅತ್ತೆಯನ್ನು ನೋಡಿತು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿತು:

“ಅಜ್ಜಾ, ಭೂಪಾಲ ಕಾಕಾ ನಮ್ಮ ಸುಗಂಧಾ ಅತ್ತಿನ್ನ ಲಗ್ನಾ ಆಗಿ, ಇಬ್ಬರೂ ಕೂಡಿ ಜಪಾನಕ್ಕ ಹೋಗಬೇಕಂದ್ರ ಯಾವ ಸೀಸನ್ ಚೊಲೋ?”