ಅಂಚು ಕತ್ತರಿಸಿದ ಚಿತ್ರ

ಮಾರ್ಚ್ ೧೧, ಬೆಳಿಗ್ಗೆ ೯.೪೦. ಮುಂಬೈಯ ಮುಲುಂಡ್ ಪೊಲೀಸ್ ಠಾಣೆಗೆ ಬಂದ ನಿವೃತ್ತ ಹೋಟೆಲ್ ಮಾಲಿಕ ಚೆನ್ನಯ ಸುವರ್ಣರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೂವತ್ತು ವರ್ಷದಿಂದ ಅವರು ಕೂಡಿಟ್ಟ ಫ್ರೆಂಚ್ ಎಚಿಂಗ್‌ಗಳಲ್ಲಿ ಒಂದು ಗೋಡೆಯಿಂದ ಮಾಯವಾಗಿತ್ತು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತಿದ, ನೂರಿಪ್ಪತ್ತು ವರ್ಷದ ಹಿಂದಿನ ಚಿತ್ರ. ತಾಯಿಯೊಬ್ಬಳು ಮಗಳ ತಲೆ ಬಾಚುತ್ತಿದ್ದಾಳೆ.

"ನಾಡಿದ್ದು ಹೊರದೇಶದ ಮ್ಯೂಸಿಯಂಗೆ ಹೋಗ್ಬೇಕಿತ್ತು ಮಾರಾಯ್ರೆ, ನಾನೇ ದಾನ ಕೊಟ್ಟದ್ದು!"

ಎಫ್‌ಐಆರ್ ದಾಖಲಾಯಿತು. ದೊಡ್ಡವರ ಮನೆ ಕಳ್ಳತನವಲ್ಲವೇ, ಬೇಗ ಹುಡುಕಿ ಎಂದು ಮೇಲಿನಿಂದ ಫೋನೂ ಬಂತು. ಅಕ್ಕಲಕೋಟ ಕಡೆಯ ಇನ್‌ಸ್ಪೆಕ್ಟರ್ ಶಿವಪುತ್ರಪ್ಪ, ಕಾನ್‌ಸ್ಟೆಬಲ್ ಯಕ್ಷಿತಾಳೊಂದಿಗೆ ಫ್ಲ್ಯಾಟಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ೧೧.೨೦ಕ್ಕೆ ಯಕ್ಷಿತಾ ಅಡುಗೆಮನೆಯ ಕಸದ ಡಬ್ಬಿಯಿಂದ ನಾಲ್ಕು ಕಾಗದದ ಪಟ್ಟಿಗಳನ್ನು ಎತ್ತಿದಳು. ಒಂದರ ಮೇಲೆ ಪೆನ್ಸಿಲ್ ಸಹಿಯಿತ್ತು.

"ಅಯ್ಯೋ ದೇವರೇ! ಚಿತ್ರಕಾರನ ಸಹಿ!" ಚೆನ್ನಯ ನೆಲಕ್ಕೇ ಕುಸಿದರು. "ಅಂಚು ಕತ್ತರಿಸಿದ ಮೇಲೆ ಅದನ್ನು ಯಾರು ಮೂಸಿ ನೋಡ್ತಾರೆ?"

"ಮಾರಾಕ ಕದ್ದವ ಸಹಿ ಕತ್ತರಿಸಿ ಒಗಿಯಂಗಿಲ್ಲ. ಈ ಅಡುಗಿಮನಿ ಯಾರ ಕೈಯಾಗೈತಿ?" ಎಂದು ಕೇಳಿದರು ಶಿವಪುತ್ರಪ್ಪ.

"ಇಂದ್ರಾಬಾಯಿ. ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾಳೆ. ಇವತ್ತು ಬರ್ಲಿಲ್ಲ."

ಮಧ್ಯಾಹ್ನ ೩.೧೫, ಆಂಟಾಪ್ ಹಿಲ್. ಇಂದ್ರಾಬಾಯಿಯ ಒಂದೇ ಕೋಣೆಯ ಮನೆ. ದೇವರ ಫೋಟೋಗಳ ನಡುವೆ, ಅಗ್ಗದ ಫ್ರೇಮಿನೊಳಗೆ ಆ ಚಿತ್ರವಿತ್ತು. ಗಾಜು ಹಾಕಿರಲಿಲ್ಲ. ಚಿತ್ರದ ಹುಡುಗಿಯ ಹಣೆಗೆ ಕುಂಕುಮ ಹಚ್ಚಿತ್ತು.

"ಅಂಚ್ಯಾಕ ಕತ್ತರಿಸಿದಿ ಬಾಯಿ?"

"ಬರೇ ಬಿಳಿ ಕಾಗದ ಅಲ್ರಿ ಸಾಹೇಬ್ರ? ನನ್ನ ಫ್ರೇಮಿನಾಗ ಹಿಡೀತಿರಲಿಲ್ಲ."

"ತಂದಿದ್ದ್ಯಾಕ?"

"ನನ್ನ ಮಗಳು ಭಾಗವ್ವ ರೀ ಅಕಿ. ಆರು ವರ್ಷಕ್ಕ ಜ್ವರದಾಗ ಹೋದ್ಲು. ಒಂದರ ಫೋಟೋ ತೆಗಸಿರಲಿಲ್ಲ. ತಲಿ ಬಾಚೂವಾಗ ಥೇಟ್ ಹಿಂಗ ಕುಂಡ್ರತಿದ್ಲು. ದಿನಾ ಧೂಳ ಒರಸೂವಾಗ ನೋಡತಿದ್ದೆ. ಪರದೇಶಕ್ಕ ಕಳಸ್ತೀನಿ ಅಂದ್ರು ಶೇಟ್ರು. ಆಮ್ಯಾಲ ನಾ ಎಲ್ಲಿ ನೋಡ್ಲಿ?"

"ಕೇಳಬೇಕಿತ್ತು."

"ಕೇಳಿದ್ನಿರಿ. ನಕ್ಕರು."

೩.೫೦ಕ್ಕೆ ಯಕ್ಷಿತಾ ಅವಳನ್ನು ಬಂಧಿಸಿದಳು. ಚಿತ್ರವನ್ನು ಖಾಕಿ ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದರು. ಜಪ್ತಿ ಪಂಚನಾಮೆಯಲ್ಲಿ "ಹಾಳಾದ ಚಿತ್ರ ಒಂದು" ಎಂದು ಶಿವಪುತ್ರಪ್ಪ ಬರೆದರು.

ಜೀಪಿನಲ್ಲಿ ಇಂದ್ರಾಬಾಯಿ ತನ್ನ ಗತಿ ಏನೆಂದು ಕೇಳಲಿಲ್ಲ.

"ಕೇಸ್ ಮುಗಿಯೂತನಕ ಅಕಿನ್ನ ಎಲ್ಲಿ ಇಡ್ತೀರಿ ಸಾಹೇಬ್ರ?"

"ಠಾಣೇದ ಕೋಣ್ಯಾಗ."

"ಕತ್ತಲಿ ಐತೇನ್ರಿ ಅಲ್ಲಿ? ಕತ್ತಲಂದ್ರ ಭಾಳ ಅಂಜತಿದ್ಲು."

"ಇಲ್ಲ ಬಾಯಿ, ಬೆಳಕೈತಿ" ಎಂದರು ಶಿವಪುತ್ರಪ್ಪ. ಜಪ್ತಿ ಮಾಲು ಇಡುವ ಆ ಕೋಣೆಗೆ ಕಿಟಕಿಯೇ ಇರಲಿಲ್ಲ.