ಇಬ್ರೂ ಇದೀವಿ

೧೯೪೪ನೇ ಇಸವಿ ಮಾರ್ಚ್ ಹದಿನಾಲ್ಕರ ಬೆಳಗ್ಗೆ ಎಂಟು ಗಂಟೆಗೆ ಮಳವಳ್ಳಿ ಠಾಣೆಗೆ ಬಂದ ಚಿಕ್ಕಬೋರಮ್ಮನ ದೂರು ಕೇಳಿ ದಫೇದಾರ್ ದೊಡ್ಡಬೀರಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಒಳಗೆ ಹೋದದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾಳೆ. ಆಚೆಗೆ ಬಂದಿದ್ದಾಳೆ ಎಂದು ಕಾರ್ಖಾನೆಯವರು ಹೇಳುತ್ತಾರಂತೆ. ಬಂದವಳು ಮನೆಯಲ್ಲೂ ಇಲ್ಲ, ನೆಂಟರಲ್ಲೂ ಇಲ್ಲ. ಅವನು ಬರೆಯುವುದನ್ನು ನಿಲ್ಲಿಸಿ ಆಕೆಯನ್ನು ಇನ್ಸ್‌ಪೆಕ್ಟರ್ ಮರಿಸಿದ್ದಯ್ಯನವರ ಮುಂದೆ ಕರೆದೊಯ್ದ.

"ಎಲ್ಲಿಗೆ ಹೋದಳು ಅಂತ ಸರಿಯಾಗಿ ಹೇಳಮ್ಮ."

"ರೇಷ್ಮೆ ಕಾರ್ಖಾನೆ ಒಳಿಕ್ಕೆ ಸಾಮಿ. ನೆನ್ನೆ ಬೆಂಕಿ ಬಿತ್ತಲ್ಲ, ಅಲ್ಲಿ. ನನ್ ಮಗಳು ಮಲ್ಲಿಗಮ್ಮ ಅಲ್ಲಿ ನೂಲು ತೆಗೀತಾಳೆ. ಎದೆ ಕೂಸದೆ. ಮದ್ಯಾನ ನಾನು ಕೂಸ ಎತ್ಕೊಂಡು ಹಿಂದ್ಲ ಕಾಲುವೆ ತಾವ್ಕೆ ಓಯ್ತೀನಿ. ಅವಳು ಹಿಂದ್ಲ ಬಾಗ್ಲಲ್ಲಿ ಬಂದು ಹಾಲು ಕೊಟ್ಟು ಓಯ್ತಾಳೆ. ನೆನ್ನೆ ಕೂಸು ಕುಡೀತಿದ್ದಂಗೇ ಗಂಟೆ ಬಡುದ್ರು. 'ಎಣಿಸ್ತಾರೆ ಕಣವ್ವ' ಅಂದ್ಬುಟ್ಟು ಕೂಸ ನನ್ ಕೈಗಾಕಿ ಒಳಿಕ್ಕೆ ಓಡುದ್ಲು."

"ಬೆಂಕಿ ಕಾಣಲಿಲ್ಲವೇ?"

"ಆಮೇಲೆ ಕಾಣುಸ್ತು ಸಾಮಿ. ತಿಂಗ್ತಿಂಗ್ಳೂ ಸುಮ್‌ಸುಮ್ನೆ ಬಡೀತಾರಲ್ಲ, ಅಂಗೇ ಅಂದ್ಕೊಂಡೊ."

ಅದು ನಿಜ. ಯುದ್ಧಕಾಲ, ಆ ಕಾರ್ಖಾನೆಯ ರೇಷ್ಮೆ ಪ್ಯಾರಾಚೂಟಿಗೆ ಹೋಗುತ್ತಿತ್ತು. ಬಾಂಬು ಬಿದ್ದರೆ ಜನ ಎಷ್ಟು ಬೇಗ ಆಚೆ ಬರುತ್ತಾರೆಂದು ನೋಡಲು ಮಂಡ್ಯದಿಂದ ಅಧಿಕಾರಿಯೊಬ್ಬರು ಪ್ರತಿ ತಿಂಗಳೂ ಗಡಿಯಾರ ಹಿಡಿದು ಬರುತ್ತಿದ್ದರು. ಕಸರತ್ತಿಗೂ ಬೆಂಕಿಗೂ ಒಂದೇ ಗಂಟೆ. ಇಂಥ ಬುದ್ಧಿವಂತಿಕೆ ಯಾರ ತಲೆಯಲ್ಲಿ ಹುಟ್ಟಿತೋ ದೇವರೇ ಬಲ್ಲ.

ಮಲ್ಲಿಗಮ್ಮನ ಗಂಡ ದಂಡಿನಲ್ಲಿದ್ದ. ಸೊಸೆ ಬೆಂಕಿಯ ಗಲಾಟೆಯಲ್ಲಿ ಯಾವನ ಜೊತೆಗೋ ಓಡಿಹೋದಳು ಎಂದು ಅತ್ತೆ ಮಾವ ರಾತ್ರಿಯೇ ತೀರ್ಮಾನ ಮಾಡಿ, ಕೂಸನ್ನೂ ಬೇಡವೆಂದಿದ್ದರು.

"ಓಡೋಗೋಳು ಎದೆ ಕೂಸ ಬುಟ್ಟೋದಾಳಾ ಸಾಮಿ?" ಎಂದಳು ಚಿಕ್ಕಬೋರಮ್ಮ. "ಅವಳು ಆಚೆಗೆ ಬಂದ್ಲು ಅಂದೋರು ಯಾರು? ಆ ಬಾಯ ತೋರ್ಸಿ ನಂಗೆ."

"ಕೂಸು ಈಗೆಲ್ಲಿ?"

"ಚಲುವಮ್ಮನ ತಾವು. ಮಗಳ ಜೋಡಿ ಕೆಲಸ ಮಾಡೋಳು. ಅವಳ ಮಡಿಲಲ್ಲೂ ಒಂದು ಕೂಸದೆ. ನೆನ್ನೆಯಿಂದ ಎರಡಕ್ಕೂ ಅವಳೇ ಎದೆ ಕೊಡ್ತಾವ್ಳೆ, ಪುಣ್ಯಾತ್ಗಿತ್ತಿ."

ಮದ್ದೂರು ರಸ್ತೆಯ ಕಾರ್ಖಾನೆಯನ್ನು ಪೊಲೀಸರು ಮುಟ್ಟಿದಾಗ ಹತ್ತು ಗಂಟೆ. ಬಾಯ್ಲರಿನ ಪಕ್ಕದ ಸೌದೆ ರಾಶಿಗೆ ಕಿಡಿ ಬಿದ್ದು ಮುಂದಿನ ಹಾಲಿನ ಅರ್ಧ ಸುಟ್ಟಿತ್ತು. ಮ್ಯಾನೇಜರು ಕುರ್ಚಿಯಿಂದ ಏಳುವ ಮೊದಲೇ ಮಾತು ಶುರುಮಾಡಿದರು.

"ಪ್ರಾಣಹಾನಿ ಇಲ್ಲ ಇನ್ಸ್‌ಪೆಕ್ಟರೇ. ಮೇಸ್ತ್ರಿ ಹೊನ್ನಯ್ಯ ಅಂಗಳದಲ್ಲಿ ಎಣಿಸಿದ, ಲೆಕ್ಕ ಪೂರ್ತಿ ಬಂತು. ನಿನ್ನೆಯೇ ಮಂಡ್ಯಕ್ಕೆ ತಂತಿ ಕೊಟ್ಟಿದ್ದೇನೆ."

"ಒಳಗೆ ಹುಡುಕಿಸಿದಿರಾ?"

"ಲೆಕ್ಕ ಪೂರ್ತಿ ಇದ್ದಾಗ ಹುಡುಕುವುದೇನು?"

ಮರಿಸಿದ್ದಯ್ಯ ಕಟ್ಟಡದ ಹಿಂದಕ್ಕೆ ನಡೆದರು. ಗೂಡು ಒಣಗಿಸುವ ಕೋಣೆಗೆ ಬೆಂಕಿ ತಾಗಿರಲಿಲ್ಲ. ಗೋಡೆಯ ಮೇಲ್ಭಾಗ ಮಾತ್ರ ಹೊಗೆಗೆ ಕಪ್ಪಾಗಿತ್ತು. ಕಾಲುವೆಯ ಕಡೆಗಿದ್ದ ಅದರ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು.

"ಇದನ್ನು ಹಾಕಿದ್ದು ಯಾರು?"

"ನಾನೇ ಸ್ವಾಮಿ," ಎಂದ ಹೊನ್ನಯ್ಯ. "ಎಣಿಕೆ ಆದ್ಮೇಲೆ. ಗಾಳಿ ಆಡಿದ್ರೆ ಬೆಂಕಿ ಎದ್ದೇಳ್ತದೆ, ಬಾಗ್ಲು ಮುಚ್ಚು ಅಂತ ಮ್ಯಾನೇಜ್ರು ಅಂದ್ರು."

"ಮುಚ್ಚುವ ಮೊದಲು ಒಳಗೆ ಇಣುಕಿ ನೋಡಿದೆಯಾ?"

"ಎಲ್ರೂ ಆಚೆಗವ್ರೆ ಅಂತ ಗೊತ್ತಿತ್ತಲ್ಲ ಸ್ವಾಮಿ. ಇಣುಕಿ ಏನ್ ನೋಡಾದು."

ದೊಡ್ಡಬೀರಯ್ಯ ಚಿಲಕ ಸರಿಸಿ ಬಾಗಿಲು ತಳ್ಳಿದ. ಅದು ಗೇಣಷ್ಟು ಸರಿದು ನಿಂತಿತು. ಒಳಗೆ ಏನೋ ಅಡ್ಡ ಬಿದ್ದಿತ್ತು. ಸಂದಿನಲ್ಲಿ ಕೈ ತೂರಿಸಿದ ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡು ಕಾಲುವೆಯ ಏರಿಯ ಮೇಲೆ ಕುಳಿತುಬಿಟ್ಟ.

ಮಲ್ಲಿಗಮ್ಮನ ಮೈಮೇಲೆ ಒಂದು ಸುಟ್ಟ ಗಾಯವಿರಲಿಲ್ಲ. ಸೆರಗನ್ನು ಮೂಗಿಗೆ ಸುತ್ತಿಕೊಂಡಿದ್ದಳು. ಉಗುರುಗಳು ಕಿತ್ತುಹೋಗಿದ್ದವು, ಬಾಗಿಲ ಹಲಗೆಯ ಮೇಲೆ, ಅವಳು ನಿಂತರೆ ಎದೆಮಟ್ಟಕ್ಕೆ ಬರುವಲ್ಲಿಂದ ಕೆಳಗಿನವರೆಗೆ, ಅದರ ಗುರುತಿತ್ತು. ಊರ ಪಟೇಲರು ಪಂಚನಾಮೆಗೆ ಸಹಿ ಹಾಕಿದರು. ಅಷ್ಟು ಜನ ಎರಡೂ ಕೈ ಬಿಟ್ಟುಕೊಂಡು ಮುಂದಿನ ಅಂಗಳದಲ್ಲಿ ನಿಂತಿದ್ದಾಗ ಇಲ್ಲಿ ಒಬ್ಬಳು ಬಾಗಿಲು ಕೆರೆಯುತ್ತಿದ್ದಳು ಎಂಬುದನ್ನು ಯಾರ ಮನಸ್ಸೂ ಒಪ್ಪಲೊಲ್ಲದು. ಹೊಗೆಯಿಂದ ಉಸಿರು ಕಟ್ಟಿದೆ, ಆದರೆ ಕೂಡಲೇ ಅಲ್ಲ, ಯಾರಾದರೂ ಬಾಗಿಲು ತೆಗೆದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಬರೆದುಕೊಟ್ಟರು. ಅಂದು ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು.

ವಿಚಾರಣೆ ಬಂಡೆಗೆ ತಲೆ ಚಚ್ಚಿಕೊಂಡಂತಾಯಿತು. ಮಲ್ಲಿಗಮ್ಮ ಎಣಿಕೆಗೆ ಬಂದಿದ್ದಳೇ ಎಂದರೆ ಹೆಂಗಸರೆಲ್ಲ ಬಂದಿದ್ದಳು ಎಂದರು. ನೋಡಿದಿರಾ ಎಂದರೆ ನೆಲ ನೋಡಿದರು. ಹೊನ್ನಯ್ಯನದೂ ಅದೇ ಪಲ್ಲವಿ.

"ಹೆಸರು ಕೂಗಿದೆಯಾ?"

"ಬೇಸಿನ್ ಕೂಗ್ದೆ ಸ್ವಾಮಿ. ಉತ್ರ ಬಂತು."

ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಒಂದೊಂದಕ್ಕೂ ಇಬ್ಬರು ಹೆಂಗಸರು: ಒಬ್ಬಳು ಗೂಡು ಬೇಯಿಸುತ್ತಾಳೆ, ಇನ್ನೊಬ್ಬಳು ಎಳೆ ತೆಗೆಯುತ್ತಾಳೆ. ಇಷ್ಟು ಕೇಳಿ ಮರಿಸಿದ್ದಯ್ಯ ಅಂದಿನ ವಿಚಾರಣೆ ನಿಲ್ಲಿಸಿದರು. ಮಾರನೆಯ ಬೆಳಗ್ಗೆ ಹೆಂಗಸರು ಅಂಗಳಕ್ಕೆ ಬಂದಾಗ, ಹೇಳಿಕೆ ಪಡೆಯುವ ನೆವದಲ್ಲಿ ನಾಲ್ವರನ್ನು ಆಫೀಸಿನ ಹಿಂದಕ್ಕೆ ಕಳಿಸಿದರು. ಆಮೇಲೆ ಮೇಸ್ತ್ರಿಯನ್ನು ಕರೆದರು.

"ಇವತ್ತಿನ ಹಾಜರಿ ತಗೊಳಪ್ಪ. ದಿನಾ ಹ್ಯಾಗೆ ತಗೋತೀಯೋ ಹಾಗೆ."

ಹೊನ್ನಯ್ಯ ಗಂಟಲು ಸರಿಮಾಡಿಕೊಂಡ. "ಒಂದನೇ ಬೇಸಿನ್."

"ಇಬ್ರೂ ಇದೀವಿ."

"ಎರಡನೇದು."

"ಇಬ್ರೂ ಇದೀವಿ."

ಎರಡನೆಯ ಬೇಸಿನ್ನಿನವಳೊಬ್ಬಳು ಆಗ ಆಫೀಸಿನ ಹಿಂದೆ ಕಾನ್‌ಸ್ಟೇಬಲ್ಲನ ಎದುರು ಕುಳಿತಿದ್ದಳು. ಹೊನ್ನಯ್ಯ ತಲೆಯೆತ್ತಿ ನೋಡಲಿಲ್ಲ. ಗಡಿಯಾರದ ಸಾಹೇಬರಿಂದ ಭೇಷ್ ಅನ್ನಿಸಿಕೊಂಡ ಚುರುಕಿನಲ್ಲೇ ಕೂಗುತ್ತಾ ಹೋದ.

"ಏಳನೇದು."

"ಇಬ್ರೂ ಇದೀವಿ."

"ಎಂಟನೇದು."

ಎಂಟನೆಯದಕ್ಕೆ ಉತ್ತರ ಬರಲಿಲ್ಲ. ಏಳನೆಯ ಬೇಸಿನ್ನು ಮಲ್ಲಿಗಮ್ಮನದು. ಹಿಂದಿನ ಸಂಜೆಯಷ್ಟೇ ಅವಳ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಬಂದಿದ್ದರು. ಅವಳ ಜೋಡಿ ಚಲುವಮ್ಮ ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡಿದ್ದಳು. ಇದನ್ನು ಕೇಳಬೇಕೆಂದೇ ಈ ಏರ್ಪಾಟು ಮಾಡಿದ್ದ ಮರಿಸಿದ್ದಯ್ಯ ಅವಳ ಕಡೆ ತಿರುಗಿದರು.

"ಬಾಮ್ಮ ಇಲ್ಲಿ."

ಅವಳು ಬಂದು ನಿಂತಳು.

"ದಿನವೂ ಹೀಗೆಯೇ?"

"ಊ ಸಾಮಿ. ಕೂಸಿಗೆ ಹಾಲು ಕೊಡಾಕೆ ನಾನು ಓದ್ರೆ ಇಬ್ರೂ ಇದೀವಿ ಅಂತ ಅವಳೇಳೋಳು. ಅವಳೋದ್ರೆ ನಾನು. ಎಲ್ರೂ ಅಂಗೇಯ."

"ಮೊನ್ನೆ?"

"ಕಾಲುವೆ ತಾವು ಅವಳೆ, ಬೆಂಕಿಗೆ ಸಿಕ್ಕಾಕಿಲ್ಲ ಅಂತ ಸಮಾಧಾನವಾಗೇ ಏಳ್ದೆ."

"ಆಮೇಲೆ ಅವರವ್ವ ಮುಂದಕ್ಕೆ ಬಂದು ಕೇಳಲಿಲ್ಲವೇ?"

"ಕೇಳುದ್ರು. 'ಮಲ್ಲಿ ಒಳಿಕ್ಕೆ ಬಂದ್ಲಲ್ಲ, ಎಲ್ಲಿ' ಅಂದ್ರು."

"ಅದೇ ಹೊತ್ತಿಗೆ ನಿನಗೆ ಗೊತ್ತಾಯಿತು."

"ಗೊತ್ತಾಯ್ತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ರು. ಸುಳ್ಳು ಹಾಜರಿ ಏಳಿ ಸಿಕ್ಕಿದ್ರೆ ಜೋಡಿಗೆ ಜೋಡಿನೇ ಆಚೆಗಾಕ್ತೀನಿ ಅಂದಿದ್ರು. ಹೊಗೆ ಕಂಡು ಬಂದ ಬಾಗ್ಲಲ್ಲೇ ತಿರುಗಿ ಓಗಿರ್ತಾಳೆ ಅಂತ… ಮನೆಗೋಗಿರ್ಬೇಕು ಕಣವ್ವ ಅಂದ್ಬುಟ್ಟೆ."

"ಬಾಗಿಲು ಮುಚ್ಚಿದ್ದಾರೆ ಅಂತ ತಿಳಿದಿತ್ತೆ?"

"ಮುಚ್ಚು ಅಂದಿದ್ದು ಕೇಳುಸ್ತು ಸಾಮಿ."

ಬೇವಿನ ಮರದಡಿ ಎರಡು ಕೂಸುಗಳನ್ನು ಇಟ್ಟುಕೊಂಡು ಕುಳಿತಿದ್ದ ಚಿಕ್ಕಬೋರಮ್ಮ ಯಾವಾಗ ಎದ್ದು ಬಂದಳೋ ಯಾರೂ ನೋಡಿರಲಿಲ್ಲ. ಮಗಳ ಕೂಸು ಅವಳ ಹೆಗಲ ಮೇಲಿತ್ತು. ಅವಳು ಕೂಗಲಿಲ್ಲ, ಕೈಯೆತ್ತಲಿಲ್ಲ.

"ಚಲುವಿ. ಅವಳು ಒಳಿಕ್ಕೆ ಓಡುವಾಗ ನಾನು ಕೈ ಹಿಡ್ಕಂಡೆ. ಕೂಸು ಕುಡುದು ಮುಗಿಸ್ಲಿ ಇರೆ ಅಂದೆ. 'ನಾನಿಲ್ದಿದ್ರೆ ಚಲುವಿ ಕೆಲ್ಸನೂ ಓಯ್ತದೆ, ಬುಡವ್ವ' ಅಂತ ಕೈ ಕೊಡವ್ಕೊಂಡು ಓದ್ಲು ಕಣೇ."



ಹನ್ನೊಂದು ಗಂಟೆಗೆ ಇಬ್ಬರನ್ನು ದಸ್ತಗಿರಿ ಮಾಡಲಾಯಿತು: ಒಳಗೆ ನೋಡದೆ ಚಿಲಕ ಹಾಕಿದ ಹೊನ್ನಯ್ಯನನ್ನು, ತಿಳಿದೂ ಬಾಯಿ ಬಿಡದ ಚಲುವಮ್ಮನನ್ನು. ಮ್ಯಾನೇಜರ ಮೇಲೆ ಕ್ರಮ ಜರುಗಿಸಲು ಅನುಮತಿ ಕೇಳಿ ಮರಿಸಿದ್ದಯ್ಯ ಮಂಡ್ಯಕ್ಕೆ ಬರೆದರು. ಅದಕ್ಕೆ ಉತ್ತರ ಬರಲೇ ಇಲ್ಲ. ಕೇಸ್ ಡೈರಿಯಲ್ಲಿ ಅಪರಾಧದ ಪ್ರೇರಣೆ ಏನೆಂದು ಬರೆಯುವಲ್ಲಿ ಅವರ ಲೇಖನಿ ನಿಂತಿತು. ದ್ವೇಷವಿಲ್ಲ, ಲಾಭವಿಲ್ಲ. ಎರಡು ಕೂಸುಗಳಿಗೆ ನಡುಹಗಲಲ್ಲಿ ಹಾಲು ಸಿಗಲೆಂದು ಇಬ್ಬರು ತಾಯಂದಿರು ಮಾಡಿಕೊಂಡ ಒಪ್ಪಂದ. ಅದು ಬಯಲಾದರೆ ಇಬ್ಬರ ಅನ್ನವೂ ಹೋಗುತ್ತದೆ ಎಂಬ ಅಂಜಿಕೆ. ಇಷ್ಟನ್ನೇ ಬರೆದು ಸಹಿ ಹಾಕಿದರು.

ಗಾಡಿ ಹೊರಡುವಾಗ ಮಲ್ಲಿಗಮ್ಮನ ಕೂಸು ಹಸಿದು ಅಳತೊಡಗಿತು. ಚಿಕ್ಕಬೋರಮ್ಮ ಎತ್ತಿ ಆಡಿಸಿದಳು, ಬೆರಳು ಚೀಪಿಸಿದಳು. ಅಳು ನಿಲ್ಲಲಿಲ್ಲ. ಕೊನೆಗೆ ಅವಳು ಗಾಡಿಯ ಹತ್ತಿರ ಬಂದು ಕೂಸನ್ನು ದೊಡ್ಡಬೀರಯ್ಯನ ಕೈಗಿಟ್ಟಳು.

"ಅವಳ ಜೊತೇಲೇ ಇದ್ನೂ ಲಾಕಪ್ಪಿಗೆ ಕರ್ಕೊಂಡೋಗಿ ಸಾಮಿ. ಇದು ಬದುಕ್ಬೇಕು. ಅವಳ ಮಕ ಮಾತ್ರ ನಾನು ನೋಡಾಕಿಲ್ಲ."

ದೊಡ್ಡಬೀರಯ್ಯ ಇನ್ಸ್‌ಪೆಕ್ಟರ ಕಡೆ ನೋಡಿದ. ಅವರು ತಲೆಯಾಡಿಸಿದರು. ಚಲುವಮ್ಮ ತನ್ನ ಕೂಸನ್ನು ಪಕ್ಕಕ್ಕೆ ಮಲಗಿಸಿ ಇದನ್ನು ಸೆರಗಿನೊಳಗೆ ತೆಗೆದುಕೊಂಡಳು. ಚಿಕ್ಕಬೋರಮ್ಮ ಠಾಣೆಯವರೆಗೂ ತಲೆ ತಗ್ಗಿಸಿಕೊಂಡು ಗಾಡಿಯ ಹಿಂದೆಯೇ ನಡೆದಳು.