ಕಪಿಲೆ ಹಗ್ಗದ ಮೇಲಿನ ಭಾರ

ಇದು ನಡೆದದ್ದು ಹಾಡುಹಗಲಲ್ಲಿ. ಕಣ್ಣು ಮೋಸ ಹೋಯಿತು ಎನ್ನುವವರು ನನ್ನ ಹತ್ತಿರ ಬರಬೇಡಿ.

ಜರ್ಮನಿ ಯುದ್ಧ ಮುಗಿದ ವರ್ಷ, ಗುಮ್ಮಳಾಪುರದ ನಮ್ಮ ಪಾಲುಬಾವಿಯ ನೀರಿನ ಸರದಿಗೆ ಜಗಳವಾಗಿ ದಾಯಾದಿ ಮುತ್ತರಾಯಪ್ಪ ನನ್ನ ಅಪ್ಪನನ್ನು ಮಚ್ಚಿನಿಂದ ಕಡಿದು ಕೊಂದ. ಸಾಕ್ಷಿ ಹೇಳುವ ಗಂಡಸು ಊರಲ್ಲಿರಲಿಲ್ಲ; ಕೋರ್ಟಿನಿಂದ ಅವನು ಬಿಡುಗಡೆಯಾಗಿ ಬಂದ. ಹದಿನಾರು ವರ್ಷದ ನಾನು ಇಸ್ಕೂಲು ಬಿಟ್ಟು, ಎತ್ತುಗಳಿಂದ ತೊಗಲುಚೀಲ ಎಳೆಸಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯತೊಡಗಿದೆ. ಇದು ನಡೆದ ದಿನ, ಸಂಜೆ ಮುತ್ತರಾಯಪ್ಪನನ್ನು ಕಡಿಯಲೆಂದು ಮಚ್ಚು ಮಸೆದಿಟ್ಟಿದ್ದೆ.

ಎತ್ತುಗಳು ಇಳಿಜಾರು ಇಳಿಯುವಾಗ ಕಪಿಲೆ ಹೊಡೆಯುವವನು ಹಗ್ಗದ ಮೇಲೆ ಕೂತು ಭಾರ ಹಾಕುತ್ತಾನೆ. ಅಪ್ಪ ಸತ್ತ ಮೇಲೆ ನಾನು ಕೂರುತ್ತಿರಲಿಲ್ಲ, ಪಕ್ಕದಲ್ಲಿ ನಡೆಯುತ್ತಿದ್ದೆ. ಆದರೂ ಅವತ್ತು ಹಗ್ಗ ಆಳು ಕೂತ ಹಾಗೆ ಬಗ್ಗಿತು. ಮುಟ್ಟಿದೆ. ಬಗ್ಗಿದ ಕಡೆ ಮಾತ್ರ ಮೈಯಂತೆ ಬೆಚ್ಚಗಿತ್ತು.

ಬುತ್ತಿ ತಂದ ಅವ್ವ ನೋಡಿ ಕಿರುಚಿದಳು. "ಎತ್ತು ಬಿಚ್ಚಲಾ!"

ಹಗ್ಗದಿಂದ ಎತ್ತು ಬಿಚ್ಚಿದೆ. ನೀರು ತುಂಬಿದ ತೊಗಲುಚೀಲ ಹಗ್ಗವನ್ನೂ ಎಳೆದುಕೊಂಡು ಬಾವಿಗೆ ಬೀಳಬೇಕಿತ್ತು. ಬೀಳಲಿಲ್ಲ.

"ನಿಮ್ಮಪ್ಪಾರೇ ಕಣ್ಲಾ. ಮಚ್ಚು ಎತ್ತಲ್ಲ ಅನ್ನು, ಬಿಟ್ಬುಡ್ತಾರೆ."

"ನಿಂಗೇನವ್ವಾ ಗೊತ್ತು? ಕಡಿ ಅಂತ್ಲೇ ಕುಂತವ್ನೇನೋ!"

"ಬಾಯ್ಮುಚ್ಲಾ! ನಿನ್ನ ನೇಣಿಗಾಕುದ್ರೆ ನಾನ್ಯಾರ ಮಕ ನೋಡ್ಲಿ?"

ಮಚ್ಚು ಎತ್ತಲ್ಲ ಅಂತ ನಾನು ಮಾತು ಕೊಡಲಿಲ್ಲ. ಅವತ್ತು ಕಡಿಯಲೂ ಇಲ್ಲ. ಆ ಹಗ್ಗಕ್ಕೆ ಬೆನ್ನು ಮಾಡಿ ನಡೆಯಲು ಕಾಲು ಬರಲಿಲ್ಲ. ಹೊತ್ತು ಮುಳುಗಿದರೂ ತುಂಬಿದ ಚೀಲ ಬಾವಿಯ ಅರ್ಧದಲ್ಲಿ ತೂಗುತ್ತಲೇ ಇತ್ತು.